ಕೊಂಬಿನ ಬಣ್ಣ ನೋಡಿ ಕೊಂಡ ಸಾಫ್ಟ್‌ವೇರ್

ಸಣ್ಣ ನರ್ಸಿಂಗ್ ಹೋಮ್ ನಡೆಸುವ ಡಾಕ್ಟರಿಗೆ ಇಸಿಜಿ ಯಂತ್ರ ಆರಿಸುವುದು ಗೊತ್ತು, ಮಂಚ ಆರಿಸುವುದೂ ಗೊತ್ತು. ರೋಗಿಗಳ ದಾಖಲೆ ಇಡುವ ಸಾಫ್ಟ್‌ವೇರ್ ಆರಿಸುವುದನ್ನು ಮಾತ್ರ ನನಗೆ ಯಾರೂ ಹೇಳಿಕೊಟ್ಟಿರಲಿಲ್ಲ, ನಾನೂ ಯಾರನ್ನೂ ಕೇಳಲಿಲ್ಲ. ತಾಲ್ಲೂಕು ಕೇಂದ್ರವೊಂದರಲ್ಲಿ ಹತ್ತು ಹಾಸಿಗೆಯ ಆಸ್ಪತ್ರೆ ನನ್ನದು. ನಾನು ಕೊಂಡ ರೀತಿಯನ್ನು ಹೇಳಿದರೆ ಬೇರೆಯವರ ದುಡ್ಡಾದರೂ ಉಳಿದೀತು.

ಎತ್ತು ಕೊಳ್ಳುವವನು ಹಲ್ಲು ಎಣಿಸುತ್ತಾನೆ, ನಡೆಸಿ ನೋಡುತ್ತಾನೆ. ನಾನು ಕೊಂಬಿಗೆ ಬಳಿದ ಬಣ್ಣ ನೋಡಿ ಕೊಂಡೆ. ಕಂಪನಿಯವರು ತೋರಿಸಿದ್ದು ದಿನದ ಕಲೆಕ್ಷನ್ನಿನ ಗ್ರಾಫು, ನನ್ನ ಹೆಸರೂ ಡಿಗ್ರಿಯೂ ದಪ್ಪಕ್ಷರದಲ್ಲಿ ಅಚ್ಚಾದ ಪ್ರಿಸ್ಕ್ರಿಪ್ಷನ್, ರೋಗಿಯ ಮೊಬೈಲಿಗೆ ತಾನಾಗಿ ಹೋಗುವ ಮೆಸೇಜು. ನಾನು ಚೌಕಾಸಿ ಮಾಡಿದ್ದು ದರದ ಬಗ್ಗೆ ಮಾತ್ರ. ಇಡೀ ದಿನ ಆ ಪರದೆಯ ಮುಂದೆ ಕೂರಬೇಕಾದ ಕೌಂಟರಿನ ಸಿಸ್ಟರ್ ಆಗ ಹೊರಗಡೆ ಟೋಕನ್ ಕೊಡುತ್ತಿದ್ದರು. ಅವರನ್ನು ಒಳಗೆ ಕರೆದು ‘ನೀವೊಮ್ಮೆ ಒತ್ತಿ ನೋಡಿ’ ಅನ್ನಬೇಕೆಂದು ಹೊಳೆಯಲೇ ಇಲ್ಲ.

ತೊಂದರೆ ಶುರುವಾಗಿದ್ದೂ ಕೌಂಟರಿನಲ್ಲೇ. ಹುಟ್ಟಿದ ತಾರೀಖು ತುಂಬದೆ ಆ ಸಾಫ್ಟ್‌ವೇರ್ ಮುಂದಕ್ಕೆ ಹೋಗುತ್ತಿರಲಿಲ್ಲ. ನಮ್ಮಲ್ಲಿಗೆ ಬರುವ ಹಿರಿಯರು ವಯಸ್ಸು ಹೇಳುವುದು ‘ಅರವತ್ತೋ ಅರವತ್ತೈದೋ ಆಗಿರಬೇಕು ಕಣವ್ವ’ ಎಂದು. ಸಿಸ್ಟರ್ ಎಲ್ಲರಿಗೂ ಜನವರಿ 1 ಹಾಕಿದರು. ರೋಗಿಯನ್ನು ಗುರುತಿಸುವುದು ಮೊಬೈಲ್ ನಂಬರಿನಿಂದ. ಆದರೆ ಅಜ್ಜಿ, ಸೊಸೆ, ಮೊಮ್ಮಗ ಮೂವರದ್ದೂ ಮಗನ ನಂಬರೇ. ಮೊಮ್ಮಗನ ಕೆಮ್ಮು ಅಜ್ಜಿಯ ಖಾತೆಗೆ ಜಮೆಯಾಯಿತು. ಹೆಸರನ್ನು ಇಂಗ್ಲಿಷಿನಲ್ಲೇ ಬರೆಯಬೇಕಿತ್ತು. ಒಬ್ಬರೇ ಲಕ್ಷ್ಮಮ್ಮ ಒಮ್ಮೆ ‘ಕೆ-ಎಸ್-ಎಚ್’ ಹಾಕಿದ ಲಕ್ಷ್ಮಮ್ಮ, ಇನ್ನೊಮ್ಮೆ ‘ಎಕ್ಸ್’ ಹಾಕಿದ ಲಕ್ಷ್ಮಮ್ಮ. ಒಂದು ಖಾತೆಯಲ್ಲಿ ಅವರ ಸಕ್ಕರೆ ಕಾಯಿಲೆ, ಇನ್ನೊಂದರಲ್ಲಿ ಸಲ್ಫಾ ಮಾತ್ರೆ ಆಗದೆಂಬ ಟಿಪ್ಪಣಿ. ‘ಸಾರ್, ಇವರು ಯಾವ ಲಕ್ಷ್ಮಮ್ಮ?’ ಎಂದು ಸಿಸ್ಟರ್ ಬಾಗಿಲಲ್ಲಿ ನಿಂತು ಕೇಳಿದಾಗ ನಾನು ಗದರಿದ್ದೇನೆ. ತಪ್ಪು ಅವರದಲ್ಲ. ಸಲ್ಫಾ ಒಗ್ಗದ ವಿಷಯ ಎದುರಿಗಿರುವ ಖಾತೆಯಲ್ಲಿ ಕಾಣದಿದ್ದರೆ ದಾಖಲೆ ಇದ್ದೂ ಇಲ್ಲದಂತೆ. ಬರೆಯುವ ಔಷಧಿಯೇ ಅಪಾಯವಾದೀತು.

ಇಷ್ಟನ್ನು ಹೇಗೋ ನಿಭಾಯಿಸಿದೆವು. ನಿಭಾಯಿಸಲಾಗದ್ದು ಬಂದದ್ದು ಹಾರ್ಡ್ ಡಿಸ್ಕ್ ಕೆಟ್ಟ ದಿನ. ಬ್ಯಾಕಪ್ ಇದೆಯೆಂದು ಧೈರ್ಯವಾಗಿದ್ದೆ. ಅದು ಇದ್ದದ್ದು ಅದೇ ಡಿಸ್ಕಿನ ‘ಡಿ’ ಡ್ರೈವಿನಲ್ಲಿ. ಪೆನ್ ಡ್ರೈವಿನಲ್ಲಿ ಸಿಕ್ಕ ಹಳೆಯ ಪ್ರತಿಯೊಂದು ಆ ಸಾಫ್ಟ್‌ವೇರಿನಲ್ಲಿ ಬಿಟ್ಟು ಬೇರೆಲ್ಲೂ ತೆರೆಯದು. ಸಾಫ್ಟ್‌ವೇರನ್ನು ಹೊಸ ಕಂಪ್ಯೂಟರಿಗೆ ಹಾಕಲು ಕಂಪನಿಯ ಕೀ ಬೇಕು. ಕಂಪನಿ ಬಾಗಿಲು ಹಾಕಿಯಾಗಿತ್ತು. ಮಾರುವಾಗ ದಿನಕ್ಕೆರಡು ಸಲ ಫೋನ್ ಮಾಡುತ್ತಿದ್ದವರ ನಂಬರ್ ಸ್ವಿಚ್ ಆಫ್.

ಅದೇ ಹೊತ್ತಿಗೆ ಬೈಕ್ ಅಪಘಾತವಾಗಿ ನಮ್ಮಲ್ಲಿ ದಾಖಲಾಗಿದ್ದವರ ಮಗ ಬಂದರು. ಮೋಟಾರು ಅಪಘಾತ ಪರಿಹಾರದ ಕೇಸಿಗೆ ಕೇಸ್ ಶೀಟಿನ ನಕಲು ಬೇಕಿತ್ತು. ನಾನು ಕಂಪ್ಯೂಟರಿನ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು ಅವರು, ‘ಆಯ್ತು ಡಾಕ್ಟ್ರೇ, ಕೊಡಕ್ಕಾಗಲ್ಲ ಅಂತನಾದ್ರೂ ಬರೆದು ಸೀಲ್ ಹಾಕಿಕೊಡಿ, ಲಾಯರಿಗೆ ತೋರಿಸ್ತೀನಿ’ ಅಂದರು. ಜೋರಾಗಿ ಬೈದಿದ್ದರೆ ಇಷ್ಟು ನಾಟುತ್ತಿರಲಿಲ್ಲ. ಸಿಸ್ಟರ್ ಕಂಪ್ಯೂಟರನ್ನು ನಂಬದೆ ಕೈಯಲ್ಲಿ ಬರೆದಿಟ್ಟಿದ್ದ ಅಡ್ಮಿಷನ್ ರಿಜಿಸ್ಟರಿನಿಂದ ತಾರೀಖು, ಗಾಯದ ವಿವರ ಇಷ್ಟು ಸಿಕ್ಕಿತು. ಉಳಿದದ್ದು ಸಿಗಲಿಲ್ಲ.

ಕಾನೂನು ಓದಿದ್ದು ಆಮೇಲೆ. ವೈದ್ಯರ ವೃತ್ತಿ ನಡವಳಿಕೆಯ 2002ರ ನಿಯಮಗಳ ಪ್ರಕಾರ ಒಳರೋಗಿಗಳ ದಾಖಲೆಯನ್ನು ಚಿಕಿತ್ಸೆ ಶುರುವಾದಂದಿನಿಂದ 3 ವರ್ಷ ಕಾಪಾಡಬೇಕು. ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಕೇಂದ್ರ ಆರೋಗ್ಯ ಸಚಿವಾಲಯ 2013ರಲ್ಲಿ ತಂದು 2016ರಲ್ಲಿ ಪರಿಷ್ಕರಿಸಿದ ವಿದ್ಯುನ್ಮಾನ ದಾಖಲೆಗಳ ಮಾನದಂಡ ಇನ್ನೂ ಸ್ಪಷ್ಟ: ದಾಖಲೆಯೊಳಗಿನ ಮಾಹಿತಿಯ ಒಡೆಯ ರೋಗಿ, ಆಸ್ಪತ್ರೆ ಅದನ್ನು ಅವರ ಪರವಾಗಿ ಇಟ್ಟುಕೊಂಡಿರುತ್ತದೆ ಅಷ್ಟೆ. ನಾನು ಬೇರೆಯವರ ಸ್ವತ್ತನ್ನು ಕಂಪನಿಯ ಬೀಗದೊಳಗಿಟ್ಟು, ಬೀಗದ ಕೈ ಯಾರ ಹತ್ತಿರವಿದೆ ಎಂದೂ ವಿಚಾರಿಸಿರಲಿಲ್ಲ.

ದಾಖಲೆ ಕೈಗೆ ಸಿಗದಂತಾಗುವ ಕಷ್ಟ ದೊಡ್ಡ ಆಸ್ಪತ್ರೆಗಳನ್ನು ಬಾಧಿಸದು ಅಂತಲೂ ಇಲ್ಲ. 2022ರ ನವೆಂಬರಿನಲ್ಲಿ ದೆಹಲಿಯ ಏಮ್ಸ್ ಸರ್ವರುಗಳ ಮೇಲೆ ಸೈಬರ್ ದಾಳಿಯಾದಾಗ ಅಲ್ಲಿ ಹಲವು ದಿನ ಕೆಲಸ ಕಾಗದ-ಪೆನ್ನಿನಲ್ಲೇ ನಡೆಯಿತು. ಅಂಥ ಸಂಸ್ಥೆಗೆ ಸರಿಪಡಿಸಲು ತಜ್ಞರ ತಂಡ ಸಿಗುತ್ತದೆ. ನಮಗೆ ಸಿಗುವುದು ಬಸ್ ಸ್ಟ್ಯಾಂಡ್ ಪಕ್ಕದ ಮೊಬೈಲ್ ರಿಪೇರಿ ಅಂಗಡಿಯ ಹುಡುಗ.

ಎರಡನೆಯ ಸಲ ಆರಿಸಿದ್ದು ಸಿಸ್ಟರ್. ಓಪಿಡಿ ತುಂಬಿರುವ ಸೋಮವಾರ, ಸಂತೆಯ ದಿನ ಅವರೇ ಕೂತು ನಿಜವಾದ ಸಾಲನ್ನು ಸಾಗಿಸಿ ನೋಡಿದರು. ಹುಟ್ಟಿದ ತಾರೀಖಿಲ್ಲದೆ ವಯಸ್ಸಷ್ಟೇ ಹಾಕಬಹುದೇ, ಒಂದೇ ನಂಬರಿಗೆ ಮನೆಮಂದಿಯನ್ನೆಲ್ಲ ಬೇರೆಬೇರೆಯಾಗಿ ಸೇರಿಸಬಹುದೇ, ಹೆಸರು ಕನ್ನಡದಲ್ಲಿ ಬರೆದರೆ ಹುಡುಕಿದಾಗ ಸಿಗುತ್ತದೆಯೇ, ಎರಡಾಗಿ ಹೋದ ಖಾತೆಗಳನ್ನು ಕೂಡಿಸಬಹುದೇ ಎಂದು ಕೇಳಿದವರು ಅವರು. ರೋಗಿಯ ಆರೋಗ್ಯ ಗುರುತಿನ 14 ಅಂಕಿಗಳ ಆಭಾ ಸಂಖ್ಯೆಯನ್ನು ಜೋಡಿಸಲು ಬರುತ್ತದೆಯೇ, ನೆಟ್ ಹೋದಾಗ ಏನು ಗತಿ, ಕಂಪನಿ ಮುಚ್ಚಿದರೆ ದಾಖಲೆ ಯಾವ ರೂಪದಲ್ಲಿ ಕೈಗೆ ಬರುತ್ತದೆ ಎಂದು ನಾನು ಕೇಳಿದೆ. ಉತ್ತರವನ್ನು ಕರಾರಿನಲ್ಲಿ ಬರೆಸಿಕೊಂಡೆ. ಬಾಹ್ಮ್ನಿ, ಓಪನ್‌ಎಂಆರ್‌ಎಸ್‌ನಂಥ ಮುಕ್ತ ತಂತ್ರಾಂಶಗಳನ್ನೂ ನೋಡಿದೆವು. ಒಬ್ಬರು ಬಿಟ್ಟುಹೋದರೆ ಇನ್ನೊಬ್ಬರು ಮುಂದುವರಿಸಬಹುದು ಎಂಬುದು ಅವುಗಳ ದೊಡ್ಡ ಗುಣ. ಆದರೆ ನೋಡಿಕೊಳ್ಳಲು ಬಲ್ಲವರೊಬ್ಬರು ಹತ್ತಿರದಲ್ಲಿರಬೇಕು. ನಮ್ಮೂರಲ್ಲಿ ಅಂಥವರು ಸಿಗದೆ ಕೈಬಿಟ್ಟೆವು. ಈಗ ಬ್ಯಾಕಪ್ ಎರಡು ಜಾಗದಲ್ಲಿದೆ, ಒಂದು ಆಸ್ಪತ್ರೆಯ ಹೊರಗೆ. ತಿಂಗಳಿಗೊಮ್ಮೆ ಅದನ್ನು ಬೇರೆ ಕಂಪ್ಯೂಟರಿನಲ್ಲಿ ತೆರೆದು ನೋಡುತ್ತೇವೆ. ಅಡ್ಮಿಷನ್ ರಿಜಿಸ್ಟರ್ ಕೈಬರಹದಲ್ಲೇ ಮುಂದುವರಿದಿದೆ.

ಈ ಸಾಫ್ಟ್‌ವೇರಿನಲ್ಲಿ ಗ್ರಾಫು ಚೆನ್ನಾಗಿಲ್ಲ, ಪ್ರಿಸ್ಕ್ರಿಪ್ಷನ್ನಿನಲ್ಲಿ ನನ್ನ ಹೆಸರು ಸಣ್ಣಕ್ಷರದಲ್ಲಿ ಬರುತ್ತದೆ. ಅದರಿಂದ ಯಾವ ರೋಗಿಗೂ ನಷ್ಟವಾಗಿಲ್ಲ.

ಹೊಸದಾಗಿ ಕೊಳ್ಳಲು ಹೊರಟ ವೈದ್ಯ ಮಿತ್ರರಲ್ಲಿ ಒಂದೇ ಕೋರಿಕೆ. ಚೆಕ್ಕಿಗೆ ಸಹಿ ಹಾಕುವ ಮೊದಲು ಮಾರುವವರ ಮುಂದೆಯೇ ಕೆಲವು ರೋಗಿಗಳ ಮಾಹಿತಿ ತುಂಬಿಸಿ, ಅಷ್ಟನ್ನೂ ಪೆನ್ ಡ್ರೈವಿಗೆ ತೆಗೆದುಕೊಡಲು ಹೇಳಿ. ಅದು ಅವರ ಸಾಫ್ಟ್‌ವೇರ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆಯದಿದ್ದರೆ ಚೆಕ್ ಬುಕ್ ಮುಚ್ಚಿಡಿ.