ತಗಡಿನ ಥೇಟರು

ಬಾದಾಮಿ ಬನಶಂಕರಿ ಜಾತ್ರ್ಯಾಗ ಈಗಷ್ಟ ಕಂಪನಿ ನಾಟಕ ಮುಗೀತು, ಕುಕನೂರಿಗೆ ಹೊಂಟ ಗಾಡ್ಯಾಗ ಕುಂತು ಬರಿಯಾಕತ್ತೀನಿ. ಸುತ್ತ ತಗಡು, ಕೆಳಗ ಮಣ್ಣಿನ ನೆಲ, ವೇದಿಕಿ ಮಗ್ಗಲಕ ಕಾಲ್ಪೆಟಗಿ ಮಾಸ್ತರು. ಹಾಸ್ಯಗಾರ ಬಂದು ನಮ್ಮ ಓಣಿ ಮಾತಿನಾಗ ಒಂದ ಡೈಲಾಗ್ ಹೊಡದದ್ದ ತಡ, ಮೊದಲ ಶಿಳ್ಳಿ ಹೆಣ್ಮಕ್ಕಳ ಸಾಲಿನಿಂದ ಬಂತು!

ಆಡುಮಾತಿನ ನಾಟಕ ಅಂದ್ರ ನೆನಪಾತು, ಜರ್ಮನಿಯ ಹ್ಯಾಂಬರ್ಗ್‌ನಾಗ ಓನ್‌ಸೋರ್ಗ್ ಥಿಯೇಟರ್ ಅಂತ ಐತಿ. 1902ರಾಗ ಶುರುವಾದದ್ದು. ಅಲ್ಲಿಯ ಮಂದಿಯ ಆಡುಮಾತು ಪ್ಲಾಟ್‌ಡಾಯ್ಚ್‌ನಾಗ ಇವತ್ತಿಗೂ ನಾಟಕ ಆಡ್ತಾರ. ಅದಕ್ಕೊಂದು ಗಟ್ಟಿ ಕಟ್ಟಡ ಐತಿ, ವಿಳಾಸ ಐತಿ. ನಮ್ಮ ಆಡುಮಾತಿನ ಥೇಟರು ಮಾತ್ರ ಜಾತ್ರಿ ಮುಗಿದ ಮ್ಯಾಲೆ ಲಾರಿ ಏರತೈತಿ. ಹಂಗಂತ ಅದೇನು ಸಣ್ಣದಲ್ಲ: ನಾಟಕಕಾರ ಪಿ.ಬಿ. ಧುತ್ತರಗಿ ಅವರ ‘ಸಂಪತ್ತಿಗೆ ಸವಾಲ್’ 1974ರಾಗ ರಾಜಕುಮಾರ್ ಸಿನಿಮಾ ಆತು, ಆದ್ರ ಅದಕ್ಕಿಂತ ಮೊದಲ ಮಂದಿ ಅದನ್ನ ನಾಟಕದಾಗ ನೋಡಿ ಮೆಚ್ಚಿದ್ರು. ಇಂಥ ಕಂಪನಿಗೋಳಿಗೆ ತಾಲೂಕಿಗೊಂದು ಖಾಯಂ ಜಾಗ, ಸೋವಿ ಬಾಡಗಿಗೆ, ಯಾಕ ಕೊಡಬಾರದು? ಹಂಗ ಕೊಟ್ರ ಕಲಾವಿದರ ಮಕ್ಕಳು ಒಂದ ಸಾಲ್ಯಾಗ ವರ್ಷಪೂರ್ತಿ ಓದತಾವ.

ಯಲಬುರ್ಗಾ, ಕುಷ್ಟಗಿ, ಗಂಗಾವತಿ ಗೆಳ್ಯಾರ, ನೀವು ಕಡೀಕ ನೋಡಿದ ಕಂಪನಿ ನಾಟಕ ಯಾವ್ದು? ಎಲ್ಲಿ ನೋಡಿದ್ರಿ? ಕೆಳಗ ಬರೀರಿ.