ತಿರುಪು ನಿಂತ ಜಾಗ

ಕಪ್ಪು ಬಟ್ಟೆಯನ್ನು ತಲೆಯ ಮೇಲೆ ಎಳೆದುಕೊಳ್ಳಿ. ಒಳಗೆ ಸೆಖೆ, ಸಹಿಸಿಕೊಳ್ಳಿ. ಮೂಗಿಗೆ ಈಥರ್ ವಾಸನೆ ಅಡರುತ್ತದೆ, ಅದನ್ನೂ ಸಹಿಸಿಕೊಳ್ಳಿ. ಕಣ್ಣು ಕತ್ತಲಿಗೆ ಒಗ್ಗುವವರೆಗೆ ಎದುರಿನ ಮಬ್ಬುಗಾಜಿನ ಮೇಲೆ ಏನೂ ತೋರುವುದಿಲ್ಲ. ಆಮೇಲೆ ಒಂದು ಮುಖ ಮೂಡುತ್ತದೆ, ತಲೆಕೆಳಗಾಗಿ. ಗದ್ದ ಮೇಲೆ, ಹಣೆ ಕೆಳಗೆ. ದೊಡ್ಡ ಮುಖ, ಹತ್ತಿರ ಹತ್ತಿರ ನಿಜವಾದ ಮುಖದಷ್ಟೇ ದೊಡ್ಡದು. ಮನೆಕೆಲಸದ ಹುಡುಗಿ ಮೇರಿ ಹಿಲಿಯರ್ ಅವಳು. ಬೆಳಿಗ್ಗೆ ಕಾಫಿ ತಂದುಕೊಟ್ಟವಳೇ ಈಗ ತಲೆಯ ಮೇಲೆ ಶಾಲು ಹೊದ್ದು ಕನ್ಯೆ ಮರಿಯಳಾಗಿ ಕೂತಿದ್ದಾಳೆ.

ಇದು 1867ರ ಜೂನ್. ಇಂಗ್ಲೆಂಡಿನ ದಕ್ಷಿಣ ಕರಾವಳಿಗೆ ಅಂಟಿಕೊಂಡಂತಿರುವ ಐಲ್ ಆಫ್ ವೈಟ್ ದ್ವೀಪ, ಅದರ ಪಶ್ಚಿಮದ ಫ್ರೆಶ್‌ವಾಟರ್ ಎಂಬ ಊರು, ಡಿಂಬೋಲಾ ಎಂಬ ಮನೆಯ ಹಿತ್ತಲು. ಸಿಲೋನಿನಲ್ಲಿದ್ದ ಕಾಫಿ ತೋಟದ ನೆನಪಿಗೆ ಆ ಹೆಸರು. ನೀವು ನಿಂತಿರುವ ಗಾಜಿನ ಕೋಣೆ ಮೊದಲು ಕೋಳಿಗೂಡಾಗಿತ್ತು. ಕೋಳಿಗಳನ್ನು ಓಡಿಸಿ, ಗಾಜಿಗೆ ಪರದೆ ಕಟ್ಟಿ, ಬೇಕಾದ ಒಂದು ಕಡೆಯಿಂದ ಮಾತ್ರ ಬೆಳಕು ಬೀಳುವಂತೆ ಮಾಡಿಕೊಂಡಿದ್ದಾರೆ. ಕಲ್ಲಿದ್ದಲು ತುಂಬುತ್ತಿದ್ದ ಕೊಟ್ಟಡಿ ಈಗ ಡಾರ್ಕ್ ರೂಮು. ಅಲ್ಲಿ ನಲ್ಲಿಯಿಲ್ಲ, ನೀರು ಬಾವಿಯಿಂದ ಬರಬೇಕು.

ನಿಮ್ಮ ಪಕ್ಕದಲ್ಲಿ ನಿಂತವಳು ಜೂಲಿಯಾ ಮಾರ್ಗರೆಟ್ ಕ್ಯಾಮರಾನ್. ಹುಟ್ಟಿದ್ದು ಕಲ್ಕತ್ತೆಯಲ್ಲಿ, ಈಗ ಐವತ್ತೆರಡು. ಮೂರೂವರೆ ವರ್ಷದ ಹಿಂದೆ, 1863ರ ಡಿಸೆಂಬರಿನಲ್ಲಿ, ಮಗಳು-ಅಳಿಯ ಹೊತ್ತು ಕಳೆಯಲಿ ಎಂದು ಒಂದು ಕ್ಯಾಮೆರಾ ಕೊಟ್ಟರು. ಮರುತಿಂಗಳೇ ಆನಿ ಫಿಲ್‌ಪಾಟ್ ಎಂಬ ಪುಟ್ಟ ಹುಡುಗಿಯ ಚಿತ್ರ ತೆಗೆದು, ಇದೇ ನನ್ನ ಮೊದಲ ಗೆಲುವು ಎಂದು ಬರೆದಿಟ್ಟಳು. ಅಂದಿನಿಂದ ಈ ಮನೆಯಲ್ಲಿ ಯಾರಿಗೂ ಪುರುಸೊತ್ತಿಲ್ಲ. ಆಕೆಯ ಬೆರಳುಗಳನ್ನು ನೋಡಿ: ಸಿಲ್ವರ್ ನೈಟ್ರೇಟ್ ತಾಗಿ ಕಪ್ಪಾದವು, ಸೋಪಿಗೆ ಹೋಗುವ ಕಪ್ಪಲ್ಲ.

ಬಲಗೈ ಚಾಚಿದರೆ ಹಿತ್ತಾಳೆಯ ತಿರುಪು ಸಿಗುತ್ತದೆ. ಮೆಲ್ಲಗೆ ತಿರುಗಿಸಿ. ಮೊದಲು ಎಲ್ಲವೂ ಮಂಜು, ಮುಖವೆಂದು ಊಹಿಸಿಕೊಳ್ಳಬೇಕು. ಇನ್ನೊಂದು ಚೂರು ತಿರುಗಿಸಿದರೆ ಮೇರಿಯ ಮೂಗಿನ ತುದಿ ಗಕ್ಕನೆ ಗಟ್ಟಿಯಾಗುತ್ತದೆ, ಚರ್ಮದ ಸಣ್ಣ ರಂಧ್ರವೂ ಕಾಣುತ್ತದೆ. ಮತ್ತೊಂದು ಚೂರು: ಮೂಗು ಕರಗಿಹೋಯಿತು, ಈಗ ಹತ್ತಿರದ ಕಣ್ಣಿನ ರೆಪ್ಪೆಗೂದಲು ಒಂದೊಂದಾಗಿ ಎಣಿಸಬಹುದು. ಇನ್ನೂ ಮುಂದೆ ಹೋದರೆ ರೆಪ್ಪೆ ಕಲೆಸಿಕೊಂಡು, ಕಿವಿಯ ಪಕ್ಕದ ಕೂದಲೆಳೆ ಬೆಳ್ಳಿ ತಂತಿಯಂತೆ ಹೊಳೆಯತೊಡಗುತ್ತದೆ. ಮೂಗು, ಕಣ್ಣು, ಕಿವಿ ಮೂರೂ ಒಟ್ಟಿಗೆ ಸ್ಫುಟವಾಗಿ ಸಿಕ್ಕುವ ಜಾಗ ಮಾತ್ರ ಈ ತಿರುಪಿನಲ್ಲಿ ಎಲ್ಲೂ ಇಲ್ಲ.

ಯಾಕೆಂದರೆ ಈ ಕ್ಯಾಮೆರಾ ಅಂಥದ್ದು. ಹಿಂದಿನ ವರ್ಷ ಕೊಂಡದ್ದು. ಹದಿನೈದು ಇಂಚು ಉದ್ದ, ಹನ್ನೆರಡು ಇಂಚು ಅಗಲದ ಗಾಜು ಹಿಡಿಯುತ್ತದೆ. ಮುಂದಿರುವುದು ಡಾಲ್‌ಮೇಯರ್ ಕಂಪನಿಯ ಮೂವತ್ತು ಇಂಚು ಫೋಕಲ್ ಲೆಂಗ್ತಿನ ಲೆನ್ಸು. ಇಷ್ಟು ಉದ್ದದ ಲೆನ್ಸನ್ನು ಹೀಗೆ ಎದುರೆದುರು ಹಿಡಿದು ಮುಖವನ್ನು ಮುಖದಷ್ಟೇ ದೊಡ್ಡದಾಗಿ ತೆಗೆಯಹೊರಟರೆ, ಸ್ಫುಟವಾಗಿ ಬೀಳುವ ಆಳ ಒಂದು ಬೆರಳಿನ ಅಗಲಕ್ಕಿಂತ ಕಡಿಮೆ. ಅದರ ಹಿಂದೆ ಮುಂದೆ ಇರುವುದೆಲ್ಲ ಕರಗಲೇಬೇಕು. ಲಂಡನ್ನಿನ ವೃತ್ತಿಪರರಿಗೆ ಈ ತಾಪತ್ರಯವಿಲ್ಲ. ಅವರದು ಕಾರ್ಟ್ ದ ವಿಸೀಟ್ ವ್ಯಾಪಾರ: ಅಂಗೈಯೊಳಗೆ ಕೂರುವ ಚೀಟಿ, ಅದರಲ್ಲಿ ಕಂಬ, ಕುರ್ಚಿ, ಪರದೆ, ನಡುವೆ ನೆಟ್ಟಗೆ ನಿಂತ ಮನುಷ್ಯ. ಮುಖ ಉಗುರಿನಷ್ಟು. ಬೂಟಿನ ಗುಂಡಿಯಿಂದ ಟೋಪಿಯ ಅಂಚಿನವರೆಗೂ ಸ್ಫುಟ. ಗಿರಾಕಿ ಕೊಟ್ಟ ಕಾಸಿಗೆ ಗುಂಡಿಯೂ ಬರಬೇಕಲ್ಲ!

ಈಗ ಜೂಲಿಯಾ ನಿಮ್ಮನ್ನು ಬದಿಗೆ ಸರಿಸಿ ತಾನೇ ಬಟ್ಟೆಯೊಳಗೆ ನುಗ್ಗುತ್ತಾಳೆ. ಆಕೆಯ ಕೈ ಗಮನಿಸಿ. ತಿರುಪು ಸರಸರ ಹೋಗಿ, ನಿಧಾನವಾಗಿ, ನಿಂತೇಬಿಡುತ್ತದೆ. ರೆಪ್ಪೆಗೂದಲು ಎಣಿಸಲು ಸಿಗುವ ಆ ಜಾಗಕ್ಕೆ ಇನ್ನೂ ಒಂದು ಕೂದಲೆಳೆ ಬಾಕಿ ಇರುವಾಗಲೇ ನಿಂತಿತು. ಬೇರೆ ಯಾರೇ ಆದರೂ ಆ ಒಂದು ಎಳೆ ತಿರುಗಿಸದೆ ಬಿಡುತ್ತಿರಲಿಲ್ಲ. ಕಣ್ಣಿಗೆ ಚೆಲುವು ಕಂಡ ಕ್ಷಣದಲ್ಲಿ ತಾನು ನಿಲ್ಲಿಸುತ್ತೇನೆ, ಉಳಿದವರು ಹಟ ಹಿಡಿಯುವ ಆ ಖಚಿತ ಬಿಂದುವಿಗೆ ಹೋಗುವುದಿಲ್ಲ ಎಂದು ಆಕೆಯೇ ಮುಂದೆ ತನ್ನ ನೆನಪುಗಳಲ್ಲಿ ಬರೆಯುತ್ತಾಳೆ. ಮೊದಮೊದಲು ಮಸುಕಾದದ್ದು ಅಕಸ್ಮಾತ್ತಾಗಿಯೇ ಎಂದೂ ಅಲ್ಲೇ ಒಪ್ಪಿಕೊಳ್ಳುತ್ತಾಳೆ. ಎರಡೂ ನಿಜವಿರಬೇಕು. ಅಕಸ್ಮಾತ್ತಾಗಿ ಬಂದದ್ದನ್ನು ನೋಡಿ, ಇದೇ ಬೇಕು ಎಂದು ಮರುದಿನ ಬೇಕೆಂದೇ ಅದೇ ಜಾಗಕ್ಕೆ ಹೋಗುವುದೂ ಕಸುಬೇ.

ತಿರುಪು ನಿಂತ ಜಾಗದಲ್ಲಿ ಏನಿದೆ? ಮೂಗಿಗೂ ಕಣ್ಣಿಗೂ ನಡುವೆ ಎಲ್ಲೋ ಒಂದು ತೆಳ್ಳನೆ ಪದರ. ಮೂಗಿನ ಏಣು ಚೂಪಾಗಿಲ್ಲ, ಕಣ್ಣೂ ಇರಿಯುವಂತಿಲ್ಲ. ಆದರೆ ಹುಬ್ಬಿನಿಂದ ಕೆನ್ನೆಗೆ ಇಳಿಯುವ ನೆರಳಿನ ಅಂಚು ಗಟ್ಟಿಯಾಗಿದೆ. ಮುಖದ ಆಕಾರವನ್ನು ಹಿಡಿದು ನಿಲ್ಲಿಸಿರುವುದು ಅದೊಂದೇ ಅಂಚು. ಶಾಲು, ಕಿವಿ, ಕೂದಲು ಎಲ್ಲ ಅದರ ಸುತ್ತ ಸಡಿಲ. ಹೀಗೆ ಸಡಿಲ ಬಿಡಬೇಕಾದರೆ ಯಾವುದನ್ನು ಬಿಗಿಯಾಗಿ ಹಿಡಿದಿದ್ದೇನೆ ಎಂಬುದು ಗೊತ್ತಿರಬೇಕು. ನಮ್ಮ ಕಾಲದ ಫೋನು ಮುಖಕ್ಕೆಲ್ಲ ಒಂದೇ ಸಮನೆ ಬಳಿಯುವ ನುಣುಪಿಗೆ ಆ ತಿಳಿವಳಿಕೆ ಬೇಕಾಗಿಲ್ಲ.

ಡಾರ್ಕ್ ರೂಮಿನಿಂದ ಮೇರಿ ರಾಯನ್ ಕೂಗುತ್ತಾಳೆ, ಗಾಜು ಸಿದ್ಧ. ಈಕೆಯೂ ಮನೆಯ ಹುಡುಗಿಯೇ, ತಾಯಿಯೊಂದಿಗೆ ಭಿಕ್ಷೆ ಬೇಡುತ್ತಿದ್ದವಳನ್ನು ಕರೆತಂದು ಸಾಕಿದ್ದು. ಪ್ರದರ್ಶನದಲ್ಲಿ ಈಕೆಯ ಚಿತ್ರ ನೋಡಿ ಮನಸೋತ ಹೆನ್ರಿ ಕಾಟನ್ ಎಂಬ ಯುವಕನ ಜೊತೆ ಬರುವ ಆಗಸ್ಟಿನಲ್ಲಿ ಮದುವೆ. ಆತ ಐಸಿಎಸ್ ಅಧಿಕಾರಿಯಾಗಿ ಬಂಗಾಳಕ್ಕೆ ಬಂದು, 1904ರಲ್ಲಿ ಮುಂಬಯಿಯಲ್ಲಿ ಸೇರಿದ ಕಾಂಗ್ರೆಸ್ ಅಧಿವೇಶನದ ಅಧ್ಯಕ್ಷನಾಗುತ್ತಾನೆ ಎಂದು ಈ ಕೊಟ್ಟಡಿಯಲ್ಲಿ ಯಾರಿಗೂ ಗೊತ್ತಿಲ್ಲ.

ಒಳಗೆ ಬನ್ನಿ, ಬಾಗಿಲು ಹಾಕಿ. ಜೂಲಿಯಾ ಗಾಜಿನ ಮೂಲೆಯನ್ನು ಬೆರಳ ತುದಿಯಲ್ಲಿ ಹಿಡಿದು ನಡುವೆ ಕೊಲೋಡಿಯನ್ ಎಂಬ ಅಂಟು ದ್ರಾವಣ ಹೊಯ್ದು, ನೀರುದೋಸೆಯ ಹಿಟ್ಟು ಕಾವಲಿಯ ಮೇಲೆ ತಾನೇ ಹರಿಯಲಿ ಎಂದು ಓರೆ ಮಾಡುವ ಹಾಗೆ, ನಾಲ್ಕೂ ಮೂಲೆಗೆ ಹರಿಸಿ, ಮಿಕ್ಕದ್ದನ್ನು ಶೀಶೆಗೇ ಬಸಿಯುತ್ತಾಳೆ. ಈಥರ್ ಹಾರಿಹೋಗಿ ಮೇಲೆ ತೆಳು ಪೊರೆ ಕಟ್ಟುತ್ತದೆ. ಅದು ಒಣಗುವ ಮೊದಲೇ ಸಿಲ್ವರ್ ನೈಟ್ರೇಟಿನಲ್ಲಿ ಅದ್ದು. ಹಸಿ ಇರುವಾಗಲೇ ಚಿತ್ರ ತೆಗೆಯಬೇಕು, ಹಸಿ ಇರುವಾಗಲೇ ತೊಳೆಯಬೇಕು. ಒಣಗಿದರೆ ಗಾಜು ಕುರುಡು. ಹಾಗಾಗಿ ಇಲ್ಲಿ ಎಲ್ಲರೂ ಓಡುತ್ತಲೇ ಇರುತ್ತಾರೆ. ಪೊರೆಯ ಮೇಲೆ ಒಂದು ಕೂದಲು ಬಿದ್ದಿದೆ ಎಂದು ನೀವು ತೋರಿಸಿದರೆ ಜೂಲಿಯಾ ಕೈ ಬೀಸಿಬಿಡುತ್ತಾಳೆ. ಬೆರಳಚ್ಚು, ಗೀರು, ಧೂಳು ಯಾವುದಕ್ಕೂ ಆಕೆ ಗಾಜನ್ನು ತಿರಸ್ಕರಿಸುವವಳಲ್ಲ.

ಈ ಪೊರೆಗೆ ಒಂದು ಚಾಳಿಯಿದೆ: ನೀಲಿ ಬೆಳಕಿಗೆ ಮಾತ್ರ ಸ್ಪಂದಿಸುತ್ತದೆ, ಕೆಂಪು ಅದಕ್ಕೆ ಕತ್ತಲೆಯೇ. ಮೇರಿಯ ತುಟಿ ಕಪ್ಪಾಗಿ ಬೀಳುತ್ತದೆ, ನೀಲಿ ಕಣ್ಣಿದ್ದವರ ಕಣ್ಣು ಬಿಳಚಿಕೊಳ್ಳುತ್ತದೆ. ಹಳೆಯ ಲೆನ್ಸುಗಳಲ್ಲಂತೂ ಕಣ್ಣಿಗೆ ಸ್ಫುಟವಾಗಿ ಕಂಡ ಜಾಗ ಒಂದು, ಗಾಜಿನ ಮೇಲೆ ಸ್ಫುಟವಾಗಿ ಬೀಳುವ ಜಾಗ ಇನ್ನೊಂದು. ಅಂಥ ಲೆನ್ಸು ಹಿಡಿದವರಿಗೆ ಮಬ್ಬುಗಾಜಿನಲ್ಲಿ ನೋಡಿದ್ದೇ ಸಿಗುತ್ತದೆ ಎಂಬ ಭರವಸೆ ಇರಲಿಲ್ಲ.

ಪ್ಲೇಟು ಕ್ಯಾಮೆರಾದೊಳಗೆ ಹೋಯಿತು. ಜೂಲಿಯಾ ಲೆನ್ಸಿನ ಮುಚ್ಚಳ ತೆಗೆದಳು. ಇನ್ನು ಯಾರೂ ಅಲುಗಬಾರದು.

ಒಂದು ನಿಮಿಷ. ಮೇರಿಯ ಕತ್ತಿನ ಹಿಂದೆ ಕಬ್ಬಿಣದ ಚಿಮುಟವಿಲ್ಲ. ಬೇರೆ ಸ್ಟುಡಿಯೋಗಳಲ್ಲಿ ತಲೆಯನ್ನು ಅದರಲ್ಲಿ ಸಿಕ್ಕಿಸಿಬಿಡುತ್ತಾರೆ, ಚಿತ್ರ ಚೂಪಾಗಿ ಬರುತ್ತದೆ, ಮುಖ ಮಾತ್ರ ಹಲ್ಲು ಕೀಳಿಸಿಕೊಳ್ಳಲು ಕೂತವರದ್ದು. ಇಲ್ಲಿ ಕತ್ತು ತಾನೇ ನಿಂತಿದೆ. ಎರಡು ನಿಮಿಷ. ಶಾಲಿನ ನೆರಿಗೆ ಉಸಿರಿಗೆ ಏರಿ ಇಳಿಯುತ್ತದೆ. ಆ ಏರಿಳಿತವೂ ಗಾಜಿನ ಮೇಲೆ ಬೀಳುತ್ತಿದೆ. ಕಣ್ಣು ಮಿಟುಕಿಸಿದರೆ ಪರವಾಗಿಲ್ಲ, ಇಷ್ಟು ಹೊತ್ತಿನಲ್ಲಿ ಒಂದು ಮಿಟುಕು ಲೆಕ್ಕಕ್ಕೇ ಬರುವುದಿಲ್ಲ. ಮೂರು ನಿಮಿಷ. ನಿಮ್ಮ ಮೂಗೇ ತುರಿಸುತ್ತದೆ, ಕೂತವಳ ಪಾಡೇನು! ಐದು, ಏಳು ನಿಮಿಷ ಹಿಡಿಯುವುದೂ ಉಂಟು. ಇಲ್ಲಿ ಕೂತೆದ್ದ ಒಬ್ಬಾಕೆ, ನಿಮಿಷ ಕಳೆದಂತೆಲ್ಲ ಕಿರುಚಬೇಕೆನಿಸಿತು, ಕಣ್ಣುಗುಡ್ಡೆ ಕಿತ್ತು ಬಂದಂತಾಯಿತು ಎಂದು ಮುಂದೆ ಬರೆಯುತ್ತಾಳೆ.

ಲೆನ್ಸು ತಂದ ಮಸುಕು ಒಂದಾದರೆ ಉಸಿರು ತಂದ ಮಸುಕು ಇನ್ನೊಂದು, ಈ ಮುಖದಲ್ಲಿ ಎರಡೂ ಬೆರೆತಿವೆ. ಮುಂದಿನ ಶತಮಾನದಲ್ಲಿ ಕಸುಬುದಾರರು ಇದನ್ನೆಲ್ಲ ಬೇರೆ ಬೇರೆ ಮಾಡಿ ಪೆಟ್ಟಿಗೆಯಲ್ಲಿಟ್ಟು ಮಾರುತ್ತಾರೆ. ಜರ್ಮನಿಯ ರೋಡೆನ್‌ಸ್ಟಾಕ್ ಕಂಪನಿಯ ಇಮಾಗಾನ್ ಲೆನ್ಸಿಗೆ ಜರಡಿಯಂತೆ ತೂತಿರುವ ಬಿಲ್ಲೆಗಳು ಬರುತ್ತವೆ: ನಡುವಿನ ದೊಡ್ಡ ಕಿಂಡಿಯಿಂದ ಗಟ್ಟಿ ಚಿತ್ರ, ಸುತ್ತಲಿನ ಸಣ್ಣ ತೂತುಗಳಿಂದ ಅದರ ಮೇಲೊಂದು ಬೆಳಕಿನ ಹೊಗೆ. ಲೆನ್ಸಿನ ಮುಂದಿನ ಗಾಜಿಗೆ ವ್ಯಾಸಲೀನ್ ಸವರುವವರು, ನೈಲಾನ್ ಕಾಲುಚೀಲ ಬಿಗಿಯುವವರೂ ಬರುತ್ತಾರೆ. ಕಪ್ಪುಬಿಳುಪಿನ ಕಾಲದಲ್ಲಿ ಕಾಲುಚೀಲವನ್ನು ಕ್ಯಾಮೆರಾಕ್ಕೆ ಕಟ್ಟುವ ಬದಲು, ನೆಗೆಟಿವನ್ನು ಹಿಗ್ಗಿಸಿ ಪ್ರಿಂಟು ಹಾಕುವ ಎನ್‌ಲಾರ್ಜರಿನ ಕೆಳಗೆ ಹಿಡಿಯುವವರೂ ಇದ್ದರು. ಎರಡೂ ಒಂದೇ ಅಲ್ಲ. ಕ್ಯಾಮೆರಾದಲ್ಲಿ ಮಾಡಿದರೆ ಬೆಳಕು ನೆರಳಿನ ಮೇಲೆ ಚೆಲ್ಲುತ್ತದೆ, ಕೆನ್ನೆ ಹೊಳೆಯುತ್ತದೆ. ಎನ್‌ಲಾರ್ಜರಿನಲ್ಲಿ ಮಾಡಿದರೆ ನೆರಳು ಬೆಳಕಿನೊಳಗೆ ಸೋರುತ್ತದೆ, ಅದೇ ಕೆನ್ನೆಗೆ ಮಸಿ ಮುಟ್ಟಿದಂತಾಗುತ್ತದೆ. ಮದುವೆ ಫೋಟೊ ತೆಗೆದು ಬದುಕಿದವರು ಈ ಎರಡನೆಯದರ ಹತ್ತಿರ ಹೋಗದಿದ್ದರೆ ಆಶ್ಚರ್ಯವಿಲ್ಲ.

ಮುಚ್ಚಳ ಬಿತ್ತು. ಓಡಿ.

ಕೊಟ್ಟಡಿಯ ಕತ್ತಲಲ್ಲಿ ಗಾಜಿನ ಮೇಲೆ ಡೆವಲಪರ್ ಹರಿಯುತ್ತದೆ, ಮೇರಿಯ ಹಣೆ ಮೊದಲು ಕಪ್ಪಾಗಿ ಮೇಲೇಳುತ್ತದೆ. ಆಮೇಲೆ, ಚಿತ್ರ ಅಳಿಯದಂತೆ ನಿಲ್ಲಿಸಲು, ಸಯನೈಡ್. ಹೌದು, ಅದೇ ಸಯನೈಡ್. ಹಾಲಿನಂಥ ಪೊರೆ ತಿಳಿಯಾಗುತ್ತ ಹೋದಂತೆ ಜೂಲಿಯಾ ಅದನ್ನು ಬರಿಗೈ ಮೇಲೆಯೇ ಹರಿಯಬಿಡುತ್ತಾಳೆ. ಈ ಸಂಗತಿ ಕೇಳಿ ಹೌಹಾರಿ, ದಯವಿಟ್ಟು ಜೋಪಾನ ಎಂದು ಬರೆದವರು ಸರ್ ಜಾನ್ ಹರ್ಷೆಲ್. ಖಗೋಳಶಾಸ್ತ್ರಜ್ಞ, ಹೈಪೋ ಎಂಬ ರಾಸಾಯನಿಕ ಬೆಳ್ಳಿಯ ಲವಣಗಳನ್ನು ಕರಗಿಸುತ್ತದೆ ಎಂದು 1819ರಲ್ಲೇ ಕಂಡುಹಿಡಿದು, ಚಿತ್ರ ಅಳಿಯದಂತೆ ನಿಲ್ಲಿಸುವ ದಾರಿ ತೋರಿಸಿದವರು. ಕೇಪ್ ಆಫ್ ಗುಡ್ ಹೋಪಿನಲ್ಲಿ ಪರಿಚಯವಾದಂದಿನಿಂದ ಆಕೆಗೆ ಗುರುವಿನಂತೆ. 1864ರ ಕೊನೆಯ ದಿನ ಆಕೆ ಅವರಿಗೆ ಬರೆದ ಪತ್ರದಲ್ಲೇ, ಸರಿಯಾದ ಫೋಕಸ್ ಇಂಥದ್ದು ಎಂದು ತೀರ್ಪು ಕೊಡಲು ಯಾರಿಗೆ ಅಧಿಕಾರವಿದೆ ಎಂಬ ಸವಾಲು ಇರುವುದು. ಈಗ್ಗೆ ಎರಡು ತಿಂಗಳ ಹಿಂದೆ, ಏಪ್ರಿಲಿನಲ್ಲಿ, ಇದೇ ಸಾಮಾನನ್ನೆಲ್ಲ ಕಟ್ಟಿಕೊಂಡು ಕೆಂಟ್‌ನಲ್ಲಿರುವ ಅವರ ಮನೆಗೆ ಹೋಗಿದ್ದಳು. ಅವರಿಗೆ ಎಪ್ಪತ್ತೈದು. ತಲೆಗೂದಲು ತೊಳೆದು ಬರುವಂತೆ ಹೇಳಿ, ಅದು ಕೆದರಿ ನಿಂತ ಮೇಲೆ ಚಿತ್ರ ತೆಗೆದಳಂತೆ. ಆ ಪ್ರಿಂಟು ನೋಡಿ: ಕಪ್ಪಿನಿಂದ ಮುಖವೊಂದು ಮೇಲೆದ್ದು ಬಂದಿದೆ, ಬಿಳಿಗೂದಲು ಬೆಳಕಾಗಿ ಚದುರಿದೆ, ಕಣ್ಣಿನ ಕೆಳಗಿನ ಸುಕ್ಕುಗಳು ಮಾತ್ರ ಒಂದೂ ತಪ್ಪಿಲ್ಲ. ಮುದುಕರ ವಯಸ್ಸು ಮರೆಸಲು ಆಕೆ ಮಸುಕನ್ನು ಬಳಸಿದವಳಲ್ಲ.

ಫೋಟೊಗ್ರಫಿ ಬಲ್ಲವರಿಗೆ ಇದು ಹಿಡಿಸಿಲ್ಲ. ಧೈರ್ಯವನ್ನು ಮೆಚ್ಚಬೇಕು, ಆದರೆ ಕಸುಬಿನ ಉಳಿದ ಗುಣಗಳನ್ನೆಲ್ಲ ಅದಕ್ಕೆ ಬಲಿಕೊಟ್ಟಿದ್ದಾಳೆ ಎಂದು ಲಂಡನ್ನಿನ 'ಫೋಟೊಗ್ರಾಫಿಕ್ ಜರ್ನಲ್' 1865ರಲ್ಲೇ ಬರೆಯಿತು. ಅದೇ ವರ್ಷ ಸೌತ್ ಕೆನ್ಸಿಂಗ್ಟನ್ ಮ್ಯೂಸಿಯಂ ಆಕೆಯ ಚಿತ್ರಗಳನ್ನು ಕೊಂಡುಕೊಂಡಿತು. ಗೀರು, ಕಲೆಗಳ ವಿಚಾರದಲ್ಲಿ ಜರ್ನಲ್ ಹೇಳಿದ್ದರಲ್ಲಿ ಹುರುಳಿದೆ ಎನ್ನುವವನು ನಾನು; ಎಷ್ಟೋ ಪ್ರಿಂಟುಗಳಲ್ಲಿ ಆ ಕೊಳೆ ಮುಖಕ್ಕೆ ಏನನ್ನೂ ಸೇರಿಸುವುದಿಲ್ಲ. ಫೋಕಸ್ಸಿನ ವಿಷಯದಲ್ಲಿ ಮಾತ್ರ ಮ್ಯೂಸಿಯಮ್ಮಿನದೇ ಸರಿ.

ಹಸಿ ಗಾಜು ಹಿಡಿದು ಜೂಲಿಯಾ ಊಟದ ಕೋಣೆಗೆ ನುಗ್ಗುತ್ತಾಳೆ. ದಾರಿಯುದ್ದಕ್ಕೂ ಬೆಳ್ಳಿ ನೀರು ತೊಟ್ಟಿಕ್ಕುತ್ತದೆ, ಮೇಜುಬಟ್ಟೆಯ ಮೇಲೂ ಬಿತ್ತು. ಈ ಮನೆಯಲ್ಲಿ ಕಲೆಯಿಲ್ಲದ ಮೇಜುಬಟ್ಟೆ ಹುಡುಕಬೇಕು. ಬಿಳಿಗಡ್ಡದ ಯಜಮಾನ ಚಾರ್ಲ್ಸ್ ಚಪ್ಪಾಳೆ ತಟ್ಟುತ್ತಾರೆ. ಮೆಕಾಲೆಯ ಜೊತೆ ಕಾನೂನು ಆಯೋಗದಲ್ಲಿ ಕೂತು ಭಾರತದ ದಂಡ ಸಂಹಿತೆಯ ಕರಡಿಗೆ ದುಡಿದವರು. ಹೆಂಡತಿ ತಂದ ಪ್ರತಿ ಗಾಜಿಗೂ ಹೀಗೇ ಚಪ್ಪಾಳೆ.

ಗಾಜಿನ ಹಿಂದೆ ಅವರ ಕರಿಯ ಕೋಟನ್ನು ಹಿಡಿಯಿರಿ. ಕಪ್ಪು ಹಿನ್ನೆಲೆ ಸಿಕ್ಕಿದ್ದೇ ನೆಗೆಟಿವ್ ಮಗುಚಿಕೊಂಡು ನೇರ ಚಿತ್ರವಾಗುತ್ತದೆ: ಮೇರಿಯ ಮುಖ ಬೆಳ್ಳಗೆ, ಶಾಲು ಕತ್ತಲೆಗೆ. ಚೆಲುವಾಗಿದೆ ಎಂದು ನೀವು ಹೇಳಿಯೂ ಬಿಡುತ್ತೀರಿ. ಜೂಲಿಯಾ ಮಾತಾಡುವುದಿಲ್ಲ, ಕಿವಿಯ ಹತ್ತಿರ ಕಪ್ಪು ಬೆರಳು ಇಡುತ್ತಾಳೆ. ಮೂರನೆಯ ನಿಮಿಷದಲ್ಲೋ ಏನೋ ಮೇರಿ ಬೆರಳಗಲದಷ್ಟು ಮುಂದಕ್ಕೆ ವಾಲಿದ್ದಾಳೆ. ಗಟ್ಟಿ ಅಂಚು ಹುಬ್ಬು ಬಿಟ್ಟು ಹೋಗಿ ಶಾಲಿನ ನೂಲಿನ ಮೇಲೆ ಕೂತಿದೆ. ನೂಲಿನ ಒಂದೊಂದು ಎಳೆಯೂ ಸ್ಪಷ್ಟ, ಕಣ್ಣೆರಡೂ ಉಣ್ಣೆಯ ಉಂಡೆ. ನೋಡುವವರಿಗೆ ಇದೂ ಮಸುಕೇ, ಅದೂ ಮಸುಕೇ. ಆಕೆಗೆ ಇದು ನಡೆಯುವುದಿಲ್ಲ.

ನಿಮ್ಮ ಕೈಗೆ ಒಂದು ಚಿಂದಿ ಬಟ್ಟೆ ಬರುತ್ತದೆ. ಪೊರೆಯನ್ನು ಉಜ್ಜಿ ತೆಗೆಯಿರಿ, ಗಾಜು ಮತ್ತೆ ಬೇಕು. ಮೇರಿ ರಾಯನ್ ಬಾವಿಗೆ ಹೊರಟಳು, ಕೊಡ ಹಿಡಿದು ಅವಳ ಹಿಂದೆ ನೀವೂ ನಡೆಯಿರಿ. ಬಿಸಿಲು ಪರದೆ ದಾಟುವ ಮೊದಲು ಇನ್ನೊಂದು ತೆಗೆಯಬೇಕಂತೆ.