ಬಾಗದ ಮೊಣಕೈ

ಸದ್ಭಕ್ತರೆ, ಕೈಯ ಹಿರಿಮೆಯನ್ನು ಬೆರಳುಗಳಲ್ಲಿ ಕಾಣುವುದು ಲೋಕರೂಢಿ. ಆದರೆ ಬೆರಳು ಹಿಡಿದ ತುತ್ತನ್ನು ಬಾಯಿಗೆ ತಲುಪಿಸುವುದು ಮೊಣಕೈ. ಅದು ಬಾಗದಿದ್ದರೆ ತುತ್ತು ತಾಟಿನಲ್ಲಿಯೇ ಉಳಿಯುತ್ತದೆ. ಎಡ ಮೊಣಕೈ ಸೆಟೆದವನಿಗೆ ಕರಸ್ಥಲದ ಇಷ್ಟಲಿಂಗವನ್ನು ದೃಷ್ಟಿಯ ನೇರಕ್ಕೆ ಹಿಡಿಯುವುದೂ ದುಸ್ಸಾಧ್ಯ.

ಕೈಯೂರಿ ಬಿದ್ದಾಗ ಮುಂಗೈಯ ಎರಡೂ ಎಲುಬುಗಳು ರಟ್ಟೆಯ ಎಲುಬಿನ ಹಿಂದಕ್ಕೆ ಜಾರುವುದುಂಟು. ಕೂಡಲೇ ವೈದ್ಯರ ಬಳಿಗೆ ಹೋದರೆ ಸಾಮಾನ್ಯವಾಗಿ ಕೊಯ್ಯದೆಯೇ ಕೀಲನ್ನು ಕೂಡಿಸುತ್ತಾರೆ. ಸುಮಾರು 3 ವಾರ ಕಳೆದರೆ ಅದು ಅಲಕ್ಷಿತ ಸಂಧಿಚ್ಯುತಿ ಎನಿಸುತ್ತದೆ. ತೆರವಾದ ಕುಳಿಯಲ್ಲಿ ನಾರಿನಂಥ ಅಂಗಾಂಶ ತುಂಬುತ್ತದೆ. ರಟ್ಟೆಯ ಹಿಂಬದಿಯ ಸ್ನಾಯು ಮೊಟಕಾಗುತ್ತದೆ. ಆ ಕೀಲನ್ನು ಎಣ್ಣೆ ಹಚ್ಚಿ ಬಲವಾಗಿ ತಿಕ್ಕಿದರೆ ಸ್ನಾಯುವಿನಲ್ಲಿಯೇ ಎಲುಬು ಬೆಳೆಯುವ ಅಪಾಯವೂ ಇದೆ.

ಕೆಲವು ವರ್ಷಗಳ ಹಿಂದೆ ಒಕ್ಕಲುತನದ ಮನೆಯ ತರುಣನೊಬ್ಬನು ತಂದೆಯೊಡನೆ ಮಠಕ್ಕೆ ಬಂದಿದ್ದನು. ಚಕ್ಕಡಿಯಿಂದ ಬಿದ್ದು 5 ತಿಂಗಳಾಗಿತ್ತು. ಎಲುಬು ಕಟ್ಟುವವರೊಬ್ಬರು ಬಿದಿರಿನ ದಬ್ಬೆ ಕಟ್ಟಿದ್ದರಂತೆ. ಬಲಗೈ ಚಾಚಿದಂತೆಯೇ ಸೆಟೆದಿತ್ತು. ಎಡಗೈಯಿಂದ ಉಣ್ಣಲು ನಾಚಿ, ದಾಸೋಹದ ಪಂಕ್ತಿ ಬಿಟ್ಟು ಕಂಬದ ಮರೆಯಲ್ಲಿ ಕುಳಿತಿದ್ದನು. “ಅಜ್ಜಾರ, ಕೊಯ್ಸಿದ್ರ ಕೈ ಮೊದಲಿನಂಗ ಆಗ್ತೈತೇನ್ರಿ?” ಎಂದು ತಂದೆ ಕೇಳಿದನು. ನಮ್ಮ ಪ್ರಸಾದನಿಲಯದಲ್ಲಿ ಓದಿ ಎಲುಬುರೋಗ ತಜ್ಞರಾದ ಹಳೆಯ ವಿದ್ಯಾರ್ಥಿಯೊಬ್ಬರನ್ನು ವಿಚಾರಿಸಿದೆವು. “ಮೊದಲಿನಂತಾಗದು; ಆದರೆ ತುತ್ತು ಬಾಯಿಗೆ ಬಂದೀತು” ಎಂಬುದು ಅವರ ಪ್ರಾಮಾಣಿಕ ಉತ್ತರ.

ಅವರು ವಿವರಿಸಿದ ಕ್ರಮ ಹೀಗಿದೆ. ಅಮೆರಿಕದ ಶಸ್ತ್ರವೈದ್ಯ ಸ್ಪೀಡ್ 1925ರಲ್ಲಿ ಪ್ರಕಟಿಸಿದ ವಿಧಾನವು ಇಂದಿಗೂ ಆಧಾರವಾಗಿದೆ. ಮೊಣಕೈಯ ಹಿಂಬದಿಯಲ್ಲಿ ಕೊಯ್ದು, ಕಿರುಬೆರಳಿನ ಕಡೆಗೆ ಸಾಗುವ ನರವನ್ನು ಮೊದಲು ಗುರುತಿಸಿ ಕಾಪಾಡುತ್ತಾರೆ. ಮೊಟಕಾದ ಸ್ನಾಯುವಿನ ತುದಿಯನ್ನು ಇಂಗ್ಲಿಷಿನ ‘ವಿ’ ಅಕ್ಷರದಂತೆ ಬಿಡಿಸಿ, ಕುಳಿಯ ನಾರನ್ನು ತೆಗೆದು, ಎಲುಬುಗಳನ್ನು ಸ್ವಸ್ಥಾನಕ್ಕೆ ತರುತ್ತಾರೆ. ಸ್ನಾಯುವನ್ನು ‘ವೈ’ ಆಕಾರದಲ್ಲಿ ಹೊಲಿದಾಗ ಅದರ ಉದ್ದ ಹೆಚ್ಚುತ್ತದೆ. ಕೀಲು ಮತ್ತೆ ಜಾರದಂತೆ ಕೆಲವು ವಾರ ಲೋಹದ ತಂತಿಯಿಂದ ಹಿಡಿದಿಡುವುದೂ ಉಂಟು. ಅನಂತರ ತಿಂಗಳುಗಟ್ಟಲೆ ವ್ಯಾಯಾಮ. ಕೀವು, ನರದ ದೌರ್ಬಲ್ಯ, ಮರಳಿ ಬಿಗಿಯುವಿಕೆ ಇವುಗಳ ಭಯವೂ ಇಲ್ಲದಿಲ್ಲ. ಆದರೆ 1981ರಲ್ಲಿ ಅಮೆರಿಕದ ಮೋರಿ ಮತ್ತು ಸಂಗಡಿಗರು ತೋರಿಸಿದಂತೆ, ನಿತ್ಯದ ಬಹುತೇಕ ಕೆಲಸಗಳಿಗೆ ಮೊಣಕೈ 30ರಿಂದ 130 ಡಿಗ್ರಿಗಳವರೆಗೆ ಆಡಿದರೆ ಸಾಕು. ಪೂರ್ಣತೆ ಸಿಗದಿದ್ದರೂ ಉಪಯುಕ್ತತೆ ಸಿಗಬಲ್ಲುದು.

ತರುಣನು ಒಪ್ಪಿದನು. ಶಸ್ತ್ರಕ್ರಿಯೆಗಿಂತ ಅನಂತರದ ವ್ಯಾಯಾಮವೇ ಅವನನ್ನು ಹೆಚ್ಚು ನೋಯಿಸಿತು. ಇಂದಿಗೂ ಅವನ ಕೈ ಪೂರ್ತಿ ಚಾಚದು, ಹೆಚ್ಚು ಭಾರ ಎತ್ತದು; ಆದರೆ ರೊಟ್ಟಿ ಮುರಿದು ತಾನೇ ಉಣ್ಣುತ್ತಾನೆ.

ನಾವು ನಾಟಿ ವೈದ್ಯವನ್ನು ಹಳಿಯುತ್ತಿಲ್ಲ. ಸುಶ್ರುತಸಂಹಿತೆಯೇ ಕೀಲು ತಪ್ಪಿದ್ದನ್ನು ‘ಸಂಧಿಮುಕ್ತ’, ಎಲುಬು ಮುರಿದದ್ದನ್ನು ‘ಕಾಂಡಭಗ್ನ’ ಎಂದು ಬೇರ್ಪಡಿಸಿ, ಮೊದಲನೆಯದರಲ್ಲಿ 6 ಬಗೆಗಳನ್ನು ಎಣಿಸಿದೆ. ರೋಗವನ್ನು ಅರಿತ ಬಳಿಕವೇ ಚಿಕಿತ್ಸೆ ಎಂಬುದು ನಮ್ಮ ಹಿರಿಯರ ವಿವೇಕ. ಆ ಅರಿವನ್ನು ಇಂದು ಕ್ಷ-ಕಿರಣ ಚಿತ್ರವು ಕ್ಷಣಾರ್ಧದಲ್ಲಿ ಕೊಡುತ್ತದೆ. ಆದುದರಿಂದ, ಭಕ್ತರೆ, ನಿಮ್ಮ ಊರಿನಲ್ಲಿ ಯಾರಾದರೂ ಬಿದ್ದು ಮೊಣಕೈ ಬಾತರೆ, ಎಣ್ಣೆ ಹಚ್ಚುವ ಮೊದಲು ಚಿತ್ರ ತೆಗೆಸಿರಿ. ತಿಂಗಳುಗಳೇ ಕಳೆದಿದ್ದರೂ ಹಣೆಬರಹವೆಂದು ಕೈಬಿಡದೆ ತಜ್ಞರಿಗೆ ತೋರಿಸಿರಿ. ತಡವಾದುದೆಲ್ಲ ಕೆಟ್ಟುಹೋದುದಲ್ಲ.